ಬೊಗಸೆ ಕೂಡದವರು

ಹೊಳೆಯ ಈಚೆ ದಡದಲ್ಲಿ ಒಂದು ಊರಿತ್ತು. ಆ ಊರಿನ ನೀರಿಗೆ ಮರೆವು ಎಂಬುದಿರಲಿಲ್ಲ. ಹೊಳೆಗೆ ಬಿದ್ದ ಮುಖವನ್ನು ಹೊಳೆ ಒಯ್ದುಬಿಡುತ್ತಿತ್ತು, ಅದರ ಮಾತು ಬೇರೆ. ನಿಂತ ನೀರಿಗೆ ಬಿದ್ದ ಮುಖ ಮಾತ್ರ ಅಲ್ಲೇ ಉಳಿಯುತ್ತಿತ್ತು. ಬಗ್ಗಿದವರು ಎದ್ದು ಹೋದರೂ ಉಳಿಯುತ್ತಿತ್ತು, ಸತ್ತು ಹೋದರೂ ಉಳಿಯುತ್ತಿತ್ತು. ನಕ್ಕ ಮುಖ ನಗುತ್ತಲೇ, ಅತ್ತ ಮುಖ ಅಳುತ್ತಲೇ, ಹೊಸಬರಿಗೆ ಜಾಗ ಬಿಟ್ಟು ಮೆಲ್ಲಗೆ ತಳಕ್ಕೆ ಸರಿದು ಕೂರುತ್ತಿತ್ತು.

ಅದಕ್ಕೇ ಆ ಊರಿನ ಪ್ರತಿ ಮನೆಯ ಹೊಸ್ತಿಲ ಬಲಕ್ಕೆ ಒಂದು ಬಾನಿ. ಬಾಯಗಲದ ಮಣ್ಣಿನ ಬಾನಿ, ಅದರ ಮೇಲೆ ಮರದ ಮುಚ್ಚಳ. ಹುಟ್ಟಿದ ಕೂಸನ್ನು ಹನ್ನೊಂದನೆಯ ದಿನ ಬಾನಿಗೆ ತೋರಿಸುವರು. ಮದುಮಗಳು ಬಂದು ಬಗ್ಗುವಳು. ಸಾಯುವವರನ್ನು ಇಬ್ಬರು ತೋಳು ಹಿಡಿದು ಎತ್ತಿ ಬಗ್ಗಿಸುವರು. ಬೆಳಗ್ಗೆ ಎದ್ದವರು ಮೊದಲು ಮುಚ್ಚಳ ಸರಿಸಿ ತಮ್ಮವರನ್ನೆಲ್ಲ ಒಮ್ಮೆ ನೋಡಿ, ಆಮೇಲೆ ಒಲೆ ಹಚ್ಚುವರು.

ಒಬ್ಬರ ಮುಚ್ಚಳವನ್ನು ಇನ್ನೊಬ್ಬರು ಮುಟ್ಟುವಂತಿರಲಿಲ್ಲ. ಬೊಗಸೆ ಕೂಡಿದವರು ಮಾತ್ರ ಮುಟ್ಟಬಹುದಿತ್ತು. ಬೊಗಸೆ ಕೂಡುವುದೆಂದರೆ, ಇಬ್ಬರು ತಂತಮ್ಮ ಬಾನಿಯಿಂದ ಒಂದೊಂದು ಬೊಗಸೆ ನೀರು ಎತ್ತಿ ಒಬ್ಬರದನ್ನು ಇನ್ನೊಬ್ಬರ ಬಾನಿಗೆ ಸುರಿಯುವುದು. ಅಲ್ಲಿಂದ ಮುಂದೆ ಇವರಲ್ಲಿ ಅವರ ಮುಖ, ಅವರಲ್ಲಿ ಇವರ ಮುಖ. ಬೊಗಸೆ ಕೂಡದವರು ಮುಚ್ಚಳ ಎತ್ತಿದರೆ ಅಂಗೈಗೆ ಬರೆ ಬೀಳುತ್ತಿತ್ತು. ಊರವರು ಈ ಕಟ್ಟಳೆಯನ್ನು ಬಹಳ ನೆಚ್ಚಿದ್ದರು. ಇದಕ್ಕಿಂತ ಭದ್ರವಾದ ಊರು ಇನ್ನೊಂದಿಲ್ಲ ಅನ್ನುತ್ತಿದ್ದರು.

ಒಂದು ಬೇಸಗೆಯಲ್ಲಿ ಆಚೆ ದಡದಿಂದ ಹೊಲಿಗೆಯವಳೊಬ್ಬಳು ಬಂದಳು. ದೋಣಿಯ ಕಟ್ಟಕಡೆಯ ಹಲಗೆಯ ಮೇಲೆ, ನೀರಿಗೆ ಬೆನ್ನು ಮಾಡಿ ಕೂತು ಬಂದಳು. ಅವಳ ಬಳಿ ಒಂದು ಕತ್ತರಿ, ಒಂದು ಸೂಜಿಡಬ್ಬಿ. ಎಡ ಹುಬ್ಬಿನ ಮೇಲೆ ಹಳೆಯ ಗಾಯದ ಗುರುತು. ಓಣಿಯ ಕೊನೆಯ ಒಂಟಿ ಕೋಣೆ ಹಿಡಿದು ಹೊಲಿಯತೊಡಗಿದಳು. ಕೆಲಸ ಅಚ್ಚುಕಟ್ಟು, ಮಾತು ಕಡಿಮೆ. ನೀರು ಕುಡಿಯುವಾಗ ಕಣ್ಣು ಮುಚ್ಚಿ, ಚೊಂಬನ್ನು ಮೇಲೆತ್ತಿ ಗಂಟಲಿಗೆ ಬಿಟ್ಟುಕೊಳ್ಳುತ್ತಿದ್ದಳು. ಮುಖ ತೊಳೆಯುವುದಕ್ಕೆ ಹೊಳೆಗೇ ಹೋಗುತ್ತಿದ್ದಳು. ಏನೋ ವ್ರತ ಹಿಡಿದಿದ್ದಾಳೆ ಅಂದುಕೊಂಡರು ಜನ.

ತಿಂಗಳೊಳಗೆ ಮುಚ್ಚಳದ ಯಜಮಾನ ಅವಳ ಬಾಗಿಲಿಗೆ ಬಂದ. ಊರಿನ ಕಟ್ಟಳೆ ಕಾಯುವವನು ಅವನೇ. ಬಿಳಿ ಮೀಸೆಯ, ಮೆತ್ತಗಿನ ಮಾತಿನ ಮುದುಕ.

"ತಾಯಿ, ಬಾನಿ ಇಲ್ಲದ ಮನೆ ಹೆಣದ ಮನೆ ಅಂತಾರೆ ಇಲ್ಲಿ. ನೀನೂ ಒಂದು ಇಡಬೇಕು."

"ಇಟ್ಟರೆ ಅದರೊಳಗೆ ಯಾರು ನೋಡುತ್ತಾರೆ, ಯಜಮಾನರೇ?"

"ನೀನು ಯಾರ ಜೊತೆ ಬೊಗಸೆ ಕೂಡುತ್ತೀಯೋ ಅವರು. ಬೇರೆ ಒಂದು ನರಪಿಳ್ಳೆಯೂ ನೋಡುವಂತಿಲ್ಲ."

"ನಾನು ಕೊಟ್ಟ ನೀರನ್ನು ಅವರು ತಮ್ಮವರಿಗೆ ಕೊಟ್ಟರೆ?"

"ಅದು ಅವರ ಮುಚ್ಚಳ."

"ನಾನು ಬಗ್ಗಲೇ ಇಲ್ಲ, ಆದರೂ ಇನ್ನೊಬ್ಬರ ನೀರಿಗೆ ನನ್ನ ಮುಖ ಬಿತ್ತು ಅನ್ನಿ. ಆಗ?"

ಯಜಮಾನ ಮೀಸೆ ಸವರಿಕೊಂಡ. ಹೀಗೆ ಕೇಳಿದವರು ಅವನ ಕಾಲದಲ್ಲಿ ಯಾರೂ ಇರಲಿಲ್ಲ. "ಅದೂ ಅವರ ಮುಚ್ಚಳವೇ, ತಾಯಿ," ಅಂದ.

ಅವಳು ಬಾನಿ ತಂದಿಟ್ಟಳು. ನೀರು ತುಂಬಲಿಲ್ಲ. ಒಣ ಬಾನಿಯ ಮೇಲೆ ಮುಚ್ಚಳ ಹಾಕಿ ಸುಮ್ಮನಾದಳು.

ಪಕ್ಕದ ಮನೆಯಲ್ಲಿ ರೊಟ್ಟಿಯವ್ವ ಇದ್ದಳು. ಅರ್ಧ ಊರಿಗೆ ಜೋಳದ ರೊಟ್ಟಿ ಬಡಿದು ಕೊಡುವವಳು, ಗಂಡ ಇಲ್ಲ. ಇಬ್ಬರು ಹೆಣ್ಣುಮಕ್ಕಳಲ್ಲಿ ಹಿರಿಯಳು ಒಂಬತ್ತು ವರ್ಷದವಳಿದ್ದಾಗ ಜ್ವರದಲ್ಲಿ ಹೋದಳು, ಕಿರಿಯಳು ಮದುವೆಯಾಗಿ ಹೋಗಿದ್ದಳು. ದಿನಾ ಬೆಳಗ್ಗೆ ರೊಟ್ಟಿಯವ್ವ ಮುಚ್ಚಳ ಸರಿಸಿ, "ಎದ್ದೇನ ನನ್ನವ್ವಾ?" ಅನ್ನುವುದು ಗೋಡೆಯಾಚೆಗೆ ಹೊಲಿಗೆಯವಳಿಗೆ ಕೇಳುತ್ತಿತ್ತು. ಆ ದನಿ ಕೇಳಿದ ಮೇಲೆಯೇ ಅವಳಿಗೆ ಬೆಳಗಾಗುತ್ತಿತ್ತು. ಬರಬರುತ್ತ ಇವಳ ಸೂಜಿ ಅವಳ ಜಗಲಿಗೆ, ಅವಳ ಬಿಸಿ ರೊಟ್ಟಿ ಇವಳ ತಟ್ಟೆಗೆ ಬಂದವು. ಬೊಗಸೆ ಕೂಡಲಿಲ್ಲ. ರೊಟ್ಟಿಯವ್ವ ಕೇಳಲೂ ಇಲ್ಲ.

ಒಂದು ಸಂಜೆ ಹುಬ್ಬಿನ ಗಾಯದ ಬಗ್ಗೆ ಮಾತ್ರ ಕೇಳಿದಳು.

"ನನ್ನ ಗಂಡನನ್ನು ಕೆಟ್ಟವನು ಅಂತ ಆಚೆ ದಡದಲ್ಲಿ ಯಾರೂ ಹೇಳುವುದಿಲ್ಲ ಅವ್ವಾ," ಅಂದಳು ಹೊಲಿಗೆಯವಳು. "ಮೆತ್ತಗೆ ಮಾತಾಡುತ್ತಾನೆ. ನನ್ನನ್ನು ನೋಡುತ್ತ ಕೂರುವುದೆಂದರೆ ಅವನಿಗೆ ಪ್ರಾಣ. ಬೇರೆ ಯಾರೂ ನೋಡಬಾರದು ಅಂತ ಮೊದಲು ಕಿಟಕಿ ಮುಚ್ಚಿಸಿದ. ಆಮೇಲೆ ಬಾಗಿಲು. ಒಂದು ದಿನ ಬೀದಿಯಲ್ಲಿ ಯಾರೋ ಹಾಡುತ್ತ ಹೋದರು. ಪದ ತಪ್ಪಿ ಹಾಡಿದರು. ನಾನು ಒಳಗೆ ಕೂತು ನಕ್ಕೆ. ಕೈಲಿದ್ದ ಗಿಂಡಿಯಿಂದ ಇಲ್ಲಿಗೆ ಹೊಡೆದ. ಏಳು ವರ್ಷವಾಯಿತು, ನಕ್ಕಿಲ್ಲ."

ರೊಟ್ಟಿಯವ್ವ ಅವಳ ತಲೆಯನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡಳು. "ಇಲ್ಲಿ ನೀ ಇದ್ದೀ ಅಂತ ಅವಗ ಗಾಳೀನೂ ಹೇಳೂದಿಲ್ಲ ಬಿಡು. ನಾ ಅದೀನಲ್ಲ."

ಮುಂದೆ ಕಿರಿಮಗಳಿಗೆ ದಿನ ತುಂಬುತ್ತ ಬಂತು. ಏಳನೆಯ ತಿಂಗಳಲ್ಲಿ ತವರಿನಲ್ಲಿ ಹಸಿರು ಕುಬಸ ತೊಡಿಸಿ ಆರತಿ ಮಾಡುವ ಶಾಸ್ತ್ರ. ಕುಬಸ ಹೊಲಿದವಳು ಹೊಲಿಗೆಯವಳೇ. ಶಾಸ್ತ್ರ ಮುಗಿದ ಮೇಲೆ ಬಂದ ಹೆಂಗಸರೆಲ್ಲ ಒಟ್ಟಿಗೆ ಬಾನಿಗೆ ಬಗ್ಗುವುದು ರೂಢಿ.

"ನೀನೂ ಒಮ್ಮೆ ಬಗ್ಗು ತಂಗಿ. ನಿನ್ನ ಕೈಯಾಗಿನ ಕುಬಸ ಅದು," ಅಂದಳು ರೊಟ್ಟಿಯವ್ವ.

"ಬೇಡ ಅವ್ವಾ. ಗೊತ್ತಲ್ಲ ನಿನಗೆ."

"ಗೊತ್ತೈತಿ. ಬಿಡು, ಕೇಳೂದಿಲ್ಲ," ಅಂದಳು ರೊಟ್ಟಿಯವ್ವ. ಅಂದಂತೆ ನಡೆದುಕೊಂಡಳು, ಹೆಂಗಸರು ಬಗ್ಗುವಾಗ ಹೊಲಿಗೆಯವಳನ್ನು ಒಳಗೆ ಒಲೆಯ ಮುಂದೆ ಕೂರಿಸಿದಳು.

ಆದರೆ ಅದಕ್ಕೂ ಮೊದಲು, ಕುಬಸ ತೊಡಿಸುವ ಹೊತ್ತಿಗೆ, ಒಂದು ಘಟನೆ ನಡೆದಿತ್ತು. ಅಳತೆ ತೆಗೆದು ಎಂಟೇ ದಿನ, ಕುಬಸದ ಕಸೆ ಒಂದಕ್ಕೊಂದು ಮುಟ್ಟಲೊಲ್ಲವು. ಹೊಲಿಗೆಯವಳು ಎಳೆಯುತ್ತಾಳೆ, ಬಸುರಿ ಉಸಿರು ಹಿಡಿಯುತ್ತಾಳೆ, ಬಾಯ್ತುಂಬ ಹೋಳಿಗೆ ಬೇರೆ. "ಅಕ್ಕಾ, ಕೂಸು ನಿನ್ನ ಅಳತೀಗೆ ಒಪ್ಪವಲ್ದು, ಬಿಡ," ಅಂದಳು ಬಸುರಿ. ಹೋಳಿಗೆಯ ಪುಡಿ ಹೊಲಿಗೆಯವಳ ಮೂಗಿನ ಮೇಲೆ ಸಿಡಿಯಿತು. ಹೊಲಿಗೆಯವಳು ನಕ್ಕುಬಿಟ್ಟಳು. ಏಳು ವರ್ಷದ ನಗು. ತಲೆ ಹಿಂದೆ ಹಾಕಿ, ಕಣ್ಣಲ್ಲಿ ನೀರು ಬರುವಂತೆ ನಕ್ಕಳು. ಆಗ ರೊಟ್ಟಿಯವ್ವ ಅರಿಶಿನ ಸುಣ್ಣ ಕದಡಿದ ಕೆಂಪು ನೀರಿನ ಆರತಿ ತಟ್ಟೆಯನ್ನು ಇಬ್ಬರ ನಡುವೆ ಹಿಡಿದಿದ್ದಳು. ನಗು ಮುಗಿದ ಮೇಲೆ ಹೊಲಿಗೆಯವಳಿಗೆ ತಟ್ಟೆಯ ನೀರಿನ ನೆನಪಾಯಿತು. ಆದರೆ ಆರತಿಯ ನೀರನ್ನು ಹೊಸ್ತಿಲಾಚೆ ಚೆಲ್ಲುವುದು ಶಾಸ್ತ್ರ. ರೊಟ್ಟಿಯವ್ವ ತಟ್ಟೆ ಹಿಡಿದು ಹೊಸ್ತಿಲ ಕಡೆ ನಡೆದದ್ದನ್ನು ನೋಡಿ ಸಮಾಧಾನ ಮಾಡಿಕೊಂಡಳು.

ಎರಡು ತಿಂಗಳು ಕಳೆದವು. ಸಂತೆಯಲ್ಲಿ ದಾರದ ಉಂಡೆ ಆರಿಸುತ್ತಿದ್ದಾಗ ಗುರುತಿಲ್ಲದ ಹೆಂಗಸೊಬ್ಬಳು ಬಂದು ಅವಳ ಗದ್ದ ಹಿಡಿದೆತ್ತಿದಳು.

"ಅಯ್ಯ, ನೀ ನಗೂ ಹೆಣಮಗಳಲ್ಲೇನ?"

"ಯಾರು ನೀವು?"

"ನಾ ಯಾರಾದ್ರೇನು. ನಮ್ಮ ನಾದಿನಿ ಬಾನ್ಯಾಗ ಅದೀ ನೀನು, ಕೆಂಪ ನೀರಾಗ. ಈ ಹುಬ್ಬಿನ ಗಾಯ, ಮೂಗಿನ ಮ್ಯಾಲ ಹೋಳಿಗಿ ಪುಡಿ! ಬ್ಯಾಸರಾದಾಗೆಲ್ಲ ಮುಚ್ಚಳ ತಗದು ನಿನ್ನ ನೋಡ್ತೀವಿ."

"ನಾನು ನಿಮ್ಮ ಜೊತೆ ಬೊಗಸೆ ಕೂಡಿಲ್ಲ. ನಿಮ್ಮ ನಾದಿನಿ ಜೊತೆಗೂ ಕೂಡಿಲ್ಲ."

"ಇಲ್ಲ, ಕೂಡಿಲ್ಲ. ಏನಾತೀಗ? ನಗು ಛಲೋ ಐತಿ," ಅಂದು ಆ ಹೆಂಗಸು ಅವಳ ಕೆನ್ನೆ ತಟ್ಟಿ ಹೋದಳು.

ಹೊಲಿಗೆಯವಳು ದಾರ ಅಲ್ಲೇ ಬಿಟ್ಟು ಓಡಿದಳು. ರೊಟ್ಟಿಯವ್ವ ಹೆಂಚಿನ ಮುಂದಿದ್ದಳು. ಇವಳ ಮುಖ ನೋಡಿದ ಕೂಡಲೇ ಅವಳಿಗೆ ತಿಳಿಯಿತು. ಹೆಂಚಿನ ಮೇಲಿನ ರೊಟ್ಟಿ ಸೀಯುತ್ತಿದ್ದರೂ ಕೈ ಹೋಗಲಿಲ್ಲ.

"ಚೆಲ್ಲಾಕಂತನ ಹೋಗಿದ್ದೆ ತಂಗಿ. ಹೊಸ್ತಿಲದಾಗ ನಿಂತು ಒಮ್ಮೆ ನೋಡಿದೆ. ಅಷ್ಟು ಚಂದ ನಗ್ತೀ ಅಂತ ನನಗೆಲ್ಲಿ ಗೊತ್ತಿತ್ತು? ಕೈ ಬರಲಿಲ್ಲ. ಮಂದಿ ಹೋದ ಮ್ಯಾಲ ಬಾನಿಗೆ ಸುರುವಿದೆ. ನನ್ನ ಬಾನ್ಯಾಗ, ನನ್ನ ಮುಚ್ಚಳದ ಕೆಳಗ ಇರ್ಲಿ, ಯಾರ್ ನೋಡ್ತಾರ ಅಂದ್ಕೊಂಡೆ."

"ಮತ್ತೆ?"

"ಬೀಗರು ಬೊಗಸಿ ಕೇಳಿದ್ರು. ಬೀಗರಿಗೆ ಇಲ್ಲ ಅನ್ನಾಕ ಬರತೈತೇನು? ನೀನೂ ಹೋಗಿರತೀ ಅಂತ ನೀರು ಸುರುವಿದ ಮ್ಯಾಲ ಹೊಳೀತು."

ಹೊಲಿಗೆಯವಳು ಯಜಮಾನನ ಬಳಿ ಹೋದಳು. ಅವನು ಪೂರ್ತಿ ಕೇಳಿಸಿಕೊಂಡ.

"ಯಾರ ಮುಚ್ಚಳ ಮುರಿದಿದೆ ಹೇಳು ತಾಯಿ, ಈಗಲೇ ಬರೆ ಹಾಕಿಸುತ್ತೇನೆ."

"ಯಾರದೂ ಮುರಿದಿಲ್ಲ."

"ಬೀಗರು ಬೊಗಸೆ ಕೂಡಿದವರು. ಅವರ ನೆಂಟರು ಅವರೊಡನೆ ಕೂಡಿದವರು. ಎಲ್ಲ ಸರಿಯಾಗೇ ಇದೆಯಲ್ಲ."

"ನನ್ನ ಮುಖ ನನಗೆ ಗೊತ್ತಿಲ್ಲದ ಮನೆಗಳಲ್ಲಿ ಇದೆ, ಯಜಮಾನರೇ."

"ನಿನ್ನ ಮುಖ ನಿನ್ನ ಮೈಮೇಲೇ ಇದೆಯಲ್ಲ ತಾಯಿ," ಅಂದ ಯಜಮಾನ. ವ್ಯಂಗ್ಯವಾಡಲಿಲ್ಲ ಅವನು, ಅವನಿಗೆ ನಿಜಕ್ಕೂ ತಿಳಿಯಲಿಲ್ಲ.

ಅವಳು ಮನೆಮನೆಗೆ ನಡೆದಳು. ಬಾಗಿಲಲ್ಲಿ ನಿಂತು, ನಿಮ್ಮ ಬಾನಿಯಲ್ಲಿ ನಾನಿದ್ದರೆ ದಯವಿಟ್ಟು ಚೆಲ್ಲಿಬಿಡಿ ಅಂದಳು. ಅಗಸರ ಮನೆಯವಳು ಏನೂ ಕೇಳದೆ ಚೆಲ್ಲಿದಳು. ಒಬ್ಬಳು ನಾಳೆ ಚೆಲ್ಲುತ್ತೇನೆ ಅಂದಳು. ಒಬ್ಬ ಮುದುಕ ಮುಚ್ಚಳದ ಮೇಲೆ ಕೂತು, ನಿನ್ನ ಜೊತೆ ನನ್ನ ಹೆಂಡತಿಯೂ ಇದ್ದಾಳಮ್ಮ ಒಳಗೆ, ಅವಳು ಸತ್ತು ಹತ್ತು ವರ್ಷವಾಯಿತು ಅಂದ. ಆ ಮಾತು ಕೇಳಿ ಅವಳು ಮುಂದಿನ ಮನೆಗೆ ಹೋಗಲಿಲ್ಲ. ನೀರಿನಲ್ಲಿ ಒಂದು ಮುಖ ಚೆಲ್ಲಿ ಇನ್ನೊಂದನ್ನು ಇಟ್ಟುಕೊಳ್ಳಲು ಬರುವುದಿಲ್ಲ. ತಿರುಗಿ ಬರುವಾಗ ರೊಟ್ಟಿಯವ್ವನ ಹೊಸ್ತಿಲಲ್ಲಿ ಬಾನಿಯ ಮುಚ್ಚಳ ಸರಿದಿತ್ತು. ತನ್ನ ನಗುಮುಖದ ಪಕ್ಕದಲ್ಲೇ ಎರಡು ಜಡೆಯ ಒಂಬತ್ತು ವರ್ಷದ ಹುಡುಗಿ ಕಣ್ಣು ಕಿರಿದು ಮಾಡಿ ಮೇಲೆ ನೋಡುತ್ತಿದ್ದಳು. ಹೊಲಿಗೆಯವಳು ಕಟ್ಟಳೆ ಮರೆತು ಮೆಲ್ಲಗೆ ಮುಚ್ಚಳ ಮುಚ್ಚಿ ತನ್ನ ಕೋಣೆಗೆ ಹೋದಳು.

ಹದಿನೈದು ದಿನಕ್ಕೆ ಅವನು ಬಂದ. ಹಾಡಹಗಲು ದೋಣಿಯಿಂದಿಳಿದು, ಬೊಗಸೆಯಿಂದ ಬೊಗಸೆಗೆ ಸಾಗಿ ಆಚೆ ದಡ ಮುಟ್ಟಿದ್ದ ಕೆಂಪು ನೀರನ್ನು ಒಂದು ಗಿಂಡಿಯ ತುಂಬ ಹಿಡಿದು ಓಣಿ ಓಣಿ ತಿರುಗಿದ. "ನನ್ನ ಮನೆಯಾಕೆ. ಬುದ್ಧಿ ತಪ್ಪಿ ಬಂದುಬಿಟ್ಟಿದ್ದಾಳೆ. ಕಂಡಿರಾ?" ಅಂತ ಕೇಳುತ್ತ ಕಣ್ಣೊರೆಸಿಕೊಂಡ. ಕೆಲವರು ಅವನ ಜೊತೆ ತಾವೂ ಅತ್ತರು. ಅವನ ಕೈ ಹಿಡಿದು ಓಣಿಯ ಕೊನೆಯವರೆಗೆ ಕರೆತಂದು ಬಿಟ್ಟರು.

ಹೊಲಿಗೆಯವಳು ರೊಟ್ಟಿಯವ್ವನ ಜಗಲಿಯ ಮೇಲಿದ್ದಳು. ಅವನು ಎರಡು ಮಾರು ದೂರದಲ್ಲಿ ನಿಂತು ಗಿಂಡಿಯನ್ನು ಅವಳತ್ತ ವಾಲಿಸಿದ. ಬಾನಿಯಲ್ಲಿ ಕಂಡಿದ್ದ ಮುಖವೇ ಗಿಂಡಿಯಲ್ಲಿತ್ತು. ತಲೆ ಹಿಂದೆ ಹಾಕಿ, ಕಣ್ಣಲ್ಲಿ ನೀರು ತುಂಬಿ, ನಗುತ್ತಿರುವ ಮುಖ.

"ನನ್ನ ಮನೆಯಲ್ಲಿ ನೀನು ಹೀಗೆ ನಗಲಿಲ್ಲ," ಅಂದ ಅವನು, ತೀರ ಮೆತ್ತಗೆ. "ಈ ನಗು ಯಾರಿಗೆ?"

ರೊಟ್ಟಿಯವ್ವ ಒಲೆಯಿಂದ ಉರಿಯುವ ಕೊಳ್ಳಿ ಹಿರಿದು ತಂದು ನಡುವೆ ನಿಂತಳು. "ಒಂದ ಹೆಜ್ಜಿ ಮುಂದಿಟ್ರ ಮೋತಿ ಸುಡತೀನಿ."

ಅವನು ಒಂದು ಹೆಜ್ಜೆಯೂ ಮುಂದಿಡಲಿಲ್ಲ. "ನಾನೇಕೆ ಮುಟ್ಟಲಿ ಅವ್ವಾ?" ಅಂದ. ಎದುರು ಮನೆಯ ಜಗಲಿಯಲ್ಲಿ ಜಾಗ ಕೇಳಿದ. ಅವರು ಕನಿಕರದಿಂದ ಕೊಟ್ಟರು. ಹೊಸ ಬಾನಿ ತಂದಿಟ್ಟ. ಒಬ್ಬೊಬ್ಬರೇ ಬಂದು ಅವನೊಡನೆ ಬೊಗಸೆ ಕೂಡಿದರು. ಒಳ್ಳೆಯ ಮಾತುಗಾರ, ಹೆಂಡತಿ ತೊರೆದ ಪಾಪದವನು. ಅವನಿಗೆ ಒಂದು ಬೊಗಸೆ ನೀರು ಇಲ್ಲ ಅನ್ನುವುದುಂಟೇ?

ಅಂದಿನಿಂದ ಊರಿನ ನೀರೆಲ್ಲ ಅವನ ಕಣ್ಣಾಯಿತು. ಅವಳು ದಾರ ಕೊಳ್ಳಲು ಬಗ್ಗಿದರೆ ಅಂಗಡಿಯ ತಂಬಿಗೆಯಲ್ಲಿ ಅವಳು. ದನದ ತೊಟ್ಟಿಯ ಪಕ್ಕ ನಡೆದರೆ ತೊಟ್ಟಿಯಲ್ಲಿ ಅವಳು. ಬಟ್ಟೆ ಹೊಲಿಸಲು ಬರುವವರು ನೀರು ಕೇಳಿ, ಚೊಂಬನ್ನು ಅವಳ ಮುಂದೆ ಒಂದು ಗಳಿಗೆ ಹಿಡಿದು, ಎರಡು ಗುಟುಕು ಕುಡಿದು, ಉಳಿದದ್ದನ್ನು ಎದುರು ಜಗಲಿಗೆ ಒಯ್ಯುತ್ತಿದ್ದರು. ಗಂಡ ಹೆಂಡಿರನ್ನು ಕೂಡಿಸುವ ಪುಣ್ಯ ಅಂದುಕೊಂಡಿದ್ದರು. ಬೆಳಗ್ಗೆ ಬಾಗಿಲು ತೆಗೆದರೆ ಎದುರಿನಿಂದ ಮೆತ್ತಗಿನ ದನಿ ಬರುತ್ತಿತ್ತು: "ನಿನ್ನೆ ನೀಲಿ ಸೀರೆ. ರಾತ್ರಿ ಉಂಡಿಲ್ಲ ನೀನು. ಕಣ್ಣು ಇಳಿದಿದೆ."

ಅವನು ಒಂದು ದಿನವೂ ಓಣಿ ದಾಟಲಿಲ್ಲ, ಒಂದು ಮುಚ್ಚಳವನ್ನೂ ಕದ್ದು ಎತ್ತಲಿಲ್ಲ. ಹೊಲಿಗೆಯವಳು ಮೊದಲು ಸಂತೆ ಬಿಟ್ಟಳು, ಆಮೇಲೆ ಹೊಳೆ. ಕಿಟಕಿಯನ್ನು ತನ್ನ ಕೈಯಾರೆ ಮುಚ್ಚಿದಳು, ಬಾಗಿಲನ್ನೂ ಮುಚ್ಚಿದಳು. ಮುಚ್ಚಿ ಕೂತ ಮೇಲೆ, ಈ ಕೋಣೆ ತಾನು ಬಿಟ್ಟು ಬಂದ ಕೋಣೆಯೇ ಎಂಬುದು ಅವಳಿಗೆ ಅರಿವಾಯಿತು. ಸೂಜಿ ಕೈಯಲ್ಲಿ ಹಾಗೇ ನಿಂತಿತು.

ಒಂದು ಮಧ್ಯಾಹ್ನ ಪಕ್ಕದ ಹಿತ್ತಿಲಲ್ಲಿ ಧೋ ಎಂದು ನೀರು ಸುರಿದ ಸದ್ದಾಯಿತು. ಹೊಲಿಗೆಯವಳು ಹಿಂಬಾಗಿಲಿನಿಂದ ಓಡಿ ಹೋದಳು. ರೊಟ್ಟಿಯವ್ವ ಬಾನಿಯನ್ನು ಹಿತ್ತಿಲಿಗೆ ಎಳೆದುಕೊಂಡು ಬಂದು ಮಗುಚಿದ್ದಳು. ನೀರು ಕಲ್ಲಿನಿಂದ ಕಲ್ಲಿಗೆ ಇಳಿದು ಬದುವಿನತ್ತ ಹರಿಯುತ್ತಿತ್ತು. ಅದರ ಮೇಲೆ ಮುಖಗಳು ಸಾಲಾಗಿ ಹೋಗುತ್ತಿದ್ದವು. ಎರಡು ಜಡೆಯ ಹುಡುಗಿ ಒಂದು ಕಲ್ಲಿನ ಕುಳಿಯಲ್ಲಿ ಅರೆಗಳಿಗೆ ತಡೆದಳು. ಆಮೇಲೆ ಮಣ್ಣು ಅವಳನ್ನು ಹೀರಿಕೊಂಡಿತು.

"ಅವ್ವಾ, ಅದು..."

"ಗೊತ್ತೈತಿ," ಅಂದಳು ರೊಟ್ಟಿಯವ್ವ. ಆ ಕುಳಿಯನ್ನೇ ನೋಡುತ್ತ ನಿಂತಿದ್ದಳು. "ಇದರಿಂದ ಹೋದದ್ದು ತಿರುಗಿ ಬರೂದಿಲ್ಲ, ಅದೂ ಗೊತ್ತೈತಿ. ಆದ್ರ ಅವತ್ತ ಹೊಸ್ತಿಲದಾಗ ಚೆಲ್ಲಬೇಕಾಗಿತ್ತು. ಇವತ್ತರ ಚೆಲ್ಲಿದೆ. ನೀ ಗಂಟು ಕಟ್ಟು."

"ಎಲ್ಲಿಗೆ?"

"ಕೆಂಪ ದಿಬ್ಬ ದಾಟಿದ್ರ ನೀರಿಲ್ಲದ ಸೀಮಿ. ಮಂದಿ ಬೇರು ಹಿಂಡಿ ಕುಡೀತಾರಂತ. ಬೊಗಸಿ ತುಂಬ ನೀರು ಕಂಡವರು ಅಲ್ಲಿ ಯಾರೂ ಇಲ್ಲಂತ."

"ಅಲ್ಲಿ ಬದುಕುವುದು ಹೇಗೆ ಅವ್ವಾ?"

"ನನಗ ಗೊತ್ತಿಲ್ಲ ನನ್ನವ್ವಾ. ನಿಂತ ನೀರಿಲ್ಲ ಅನ್ನೂದಷ್ಟ ಗೊತ್ತು." ಅವಳು ಸೆರಗಿನಿಂದ ಮೂಗೊರೆಸಿಕೊಂಡಳು. "ಅವ ದಿನಾ ಬೇಡ್ತಿದ್ದ, ಮೊದಲಿನ ನೀರು ನಿಮ್ಮ ಕಡೆ ಐತಿ, ನನ್ನ ಜೋಡಿ ಬೊಗಸಿ ಕೂಡ್ರಿ ಅಂತ. ಇವತ್ತು ಉಣ್ಣಾಕ ಕರದೀನಿ. ಉಂಡ ಮ್ಯಾಲ ಮುಚ್ಚಳ ತಗೀತೀನಿ ಅಂತ ಹೇಳೀನಿ. ನಾಕು ರೊಟ್ಟಿ ಮುಗಿಯೂತನಕ ನೀ ದಿಬ್ಬ ಏರಿರಬೇಕು."

"ಬಾನಿ ಒಣಗಿದ್ದು ಕಂಡರೆ ನಿನ್ನನ್ನು ಏನು ಮಾಡುತ್ತಾನೋ!"

"ಏನು ಮಾಡ್ತಾನ? ನಾ ಯಾರ ಮುಚ್ಚಳಾನೂ ಮುರದಿಲ್ಲ."

ಹೊಲಿಗೆಯವಳು ಕತ್ತರಿ ಮತ್ತು ಸೂಜಿಡಬ್ಬಿಯನ್ನು ಸೆರಗಿಗೆ ಕಟ್ಟಿಕೊಂಡಳು. ರೊಟ್ಟಿಯವ್ವ ಹತ್ತು ಒಣ ಕಟಕ ರೊಟ್ಟಿ ಬಟ್ಟೆಯಲ್ಲಿ ಸುತ್ತಿ ಕೊಟ್ಟಳು. ಹಿತ್ತಿಲ ಬಾಗಿಲಿಗೆ ಬಂದಾಗ ಅವಳ ತೋಳು ಹಿಡಿದಳು.

"ನಿಲ್ಲು. ಒಮ್ಮೆ ನೋಡ್ತೀನಿ."

ನಾದಿದ ಹಿಟ್ಟು ಮೆತ್ತಿದ ಎರಡೂ ಅಂಗೈಯಲ್ಲಿ ಅವಳ ಮುಖ ಹಿಡಿದಳು. ಆ ಊರಿನವರಿಗೆ ಮುಖ ನೆನಪಿಟ್ಟುಕೊಂಡು ಅಭ್ಯಾಸವಿರಲಿಲ್ಲ; ಅದು ನೀರಿನ ಕೆಲಸವಾಗಿತ್ತು. ರೊಟ್ಟಿಯವ್ವ ಹುಬ್ಬು ನೋಡಿದಳು, ಗಾಯ ನೋಡಿದಳು, ಮೂಗು, ತುಟಿ, ಮತ್ತೆ ಹುಬ್ಬು. ಹೊಸದಾಗಿ ಅಕ್ಷರ ಕಲಿಯುವವಳ ಹಾಗೆ ತುಟಿ ಅಲ್ಲಾಡುತ್ತಿತ್ತು.

"ನಗಲೇ ಅವ್ವಾ?" ಅಂತ ಕೇಳಿದಳು ಹೊಲಿಗೆಯವಳು.

"ಬ್ಯಾಡ. ಹಿಂಗ ಇರು."

ಮುಂಬಾಗಿಲಲ್ಲಿ ಕಾಲು ತೊಳೆಯುವ ಸದ್ದಾಯಿತು. "ಅವ್ವಾ, ಕರೆದಿದ್ದಿರಲ್ಲ," ಅಂದಿತು ಮೆತ್ತಗಿನ ದನಿ. ರೊಟ್ಟಿಯವ್ವ ಕೈ ಬಿಟ್ಟಳು. "ಬಾ ಅಪ್ಪ, ಊಟದ ಮಣಿ ಹಾಕೀನಿ, ಕೂಡು," ಅನ್ನುತ್ತ ಹಿಂತಿರುಗಿ ನೋಡದೆ ಒಳಗೆ ಹೋದಳು.

ಹೊಲಿಗೆಯವಳು ಊರು ಊಟ ಮಾಡಿ ಮಲಗಿದ ಹೊತ್ತಿನಲ್ಲಿ ಬದುವಿನ ಮೇಲೆ ನಡೆದು, ದಿಬ್ಬ ಏರಿ ಇಳಿದಳು. ಯಾರೂ ಹಿಂದೆ ಬರಲಿಲ್ಲ. ಎರಡು ದಿನಕ್ಕೆ ಹುಲ್ಲು ಮುಗಿಯಿತು, ಮೂರನೆಯ ದಿನ ಮರಗಳ ನೆರಳೂ ಮುಗಿಯಿತು. ತುಟಿ ಒಡೆದು ರಕ್ತ ಬಂತು. ತಾನು ಹೊರಟ ಮಧ್ಯಾಹ್ನ ಅವನಿಗೆ ಏನು ಊಟ ಬಡಿಸಲಾಯಿತು, ಒಣ ಬಾನಿಯ ಮುಂದೆ ಏನು ನಡೆಯಿತು, ರೊಟ್ಟಿಯವ್ವ ಇದ್ದಾಳೋ ಇಲ್ಲವೋ ಎಂಬುದು ಯಾವುದೂ ಅವಳಿಗೆ ಮುಂದೆಂದೂ ತಿಳಿಯಲಿಲ್ಲ. ಆ ಊರಿನ ಸುದ್ದಿ ದಿಬ್ಬದಾಚೆ ಬರುತ್ತಿರಲಿಲ್ಲ.

ನಾಲ್ಕನೆಯ ದಿನ ಚರ್ಮದ ಗುಡಿಸಲುಗಳ ಒಂದು ಗುಂಪು ಕಂಡಿತು. ಅಲ್ಲಿಯ ಮುದುಕಿಯೊಬ್ಬಳು ಅವಳನ್ನು ಒಳಗೆ ಕರೆದು, ದಪ್ಪನೆಯ ಬೇರೊಂದನ್ನು ಅವಳ ಬಾಯಿಯ ಮೇಲೆ ಹಿಡಿದು ಹಿಂಡಿದಳು. ಮೂರು ಹನಿ ಬಿತ್ತು. ಕಹಿಯಾಗಿತ್ತು. ಇಲ್ಲಿ ಎಲ್ಲರಿಗೂ ದಿನಕ್ಕೆ ಇಷ್ಟೇ ಅಂದಳು. ಹೊಲಿಗೆಯವಳು ತಲೆಯಾಡಿಸಿದಳು.

ಮುದುಕಿ ಅವಳ ಮುಖವನ್ನು ಹತ್ತಿರದಿಂದ ನೋಡಿದಳು. ತನ್ನ ಮುಖವನ್ನೇ ಎಂದೂ ಕಾಣದ ಮುದುಕಿ.

"ಕೆನ್ನೆಯ ಮೇಲೆ ಬೆಳ್ಳಗೆ ಇದೇನು?"

"ಹಿಟ್ಟು."

"ಒಣಗಿ ಬಿರಿದಿದೆ. ಒರೆಸಲೇ?"

"ಬೇಡ," ಅಂದಳು ಹೊಲಿಗೆಯವಳು.